ಸ್ಟಿಯರಿಂಗಿಗೆ ಕಟ್ಟಿದ ಕೆಂಪು ಬಟ್ಟೆ

“ಗುರುಗಳೇ, ನ್ಯಾಯ ನಮ್ಮ ಕಡೆಗೇ ಇದೆ ಎಂದು ಗೊತ್ತಿರುವಾಗ, ಅದನ್ನು ಗೆಲ್ಲಿಸಿಕೊಳ್ಳಲು ಒಂದು ಸುಳ್ಳು ಹೇಳಿದರೆ ತಪ್ಪೇನು?”

ಶಿಷ್ಯ ಇದನ್ನು ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ. ಅವನ ಊರಿನವರು ಒಂದು ವ್ಯಾಜ್ಯದಲ್ಲಿದ್ದರು. ಕಾಣದ್ದನ್ನು ಕಂಡೆನೆಂದು ಸಾಕ್ಷಿ ಹೇಳಲು ಅವನನ್ನು ಕರೆದಿದ್ದರು. ಕೇಳುವ ಧಾಟಿಯಲ್ಲೇ ಅವನು ಉತ್ತರವನ್ನು ತೀರ್ಮಾನಿಸಿಕೊಂಡು ಬಂದಿದ್ದಾನೆ ಎಂಬುದು ಗುರುಗಳಿಗೆ ತಿಳಿಯಿತು. ಅವರು ಬೈಯಲಿಲ್ಲ, ಹೂಂ ಎನ್ನಲೂ ಇಲ್ಲ.

“ಕೂತುಕೋ. ಶಾಸ್ತ್ರ ಹೇಳಿದರೆ ನೀನು ವಾದಕ್ಕಿಳಿಯುತ್ತೀಯ. ಲಾರಿಯ ಕತೆ ಹೇಳುತ್ತೇನೆ,” ಎಂದರು. ಅವರು ಹೇಳಿದ್ದು ಇಷ್ಟು.

ಘಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಮೊದಲು ಅವನ ಜಾತಿ ಹುಡುಕುತ್ತೀಯ. ಪಾರ್ಸೆಲ್ ಸಾಗಿಸುವ ಒಂದು ಕಂಪನಿಯ ಶೆಡ್ಡಿನಲ್ಲಿ ಅವನು ಬ್ರೇಕಿನ ಕೆಲಸ ನೋಡುತ್ತಿದ್ದ. ಕಂಪನಿಯ ಲಾರಿಗಳು ಮಾಲು ತುಂಬಿಕೊಂಡು ಘಟ್ಟ ಇಳಿದು ಕರಾವಳಿಗೆ ಹೋಗುತ್ತಿದ್ದವು. ಹೊರಡುವ ಮೊದಲು ಪ್ರತಿಯೊಂದೂ ಶೆಡ್ಡಿಗೆ ಬಂದು, ಮೆಕ್ಯಾನಿಕ್‌ಗಳ ಕೈ ಕೆಳಗೆ ಹಾದು ಹೋಗಬೇಕಿತ್ತು.

ಆ ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ರಸ್ತೆಗೆ ಯೋಗ್ಯವಲ್ಲ ಎಂದು ಕಂಡ ಗಾಡಿಯ ಸ್ಟಿಯರಿಂಗಿಗೆ ಮೆಕ್ಯಾನಿಕ್ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದ. ಕಟ್ಟಿದವನೇ ಅದನ್ನು ಬಿಚ್ಚಬೇಕು. ಮ್ಯಾನೇಜರ್ ಬಂದರೂ ಸರಿ, ಕಂಪನಿಯ ಯಜಮಾನನೇ ಬಂದರೂ ಸರಿ, ಬೇರೆ ಯಾರೂ ಮುಟ್ಟುವಂತಿಲ್ಲ. ಇದು ಪುಕ್ಕಟೆ ಬಂದ ಹಕ್ಕಲ್ಲ. ಹಿಂದೆ ಬ್ರೇಕು ಸರಿಯಿಲ್ಲವೆಂದು ಮೆಕ್ಯಾನಿಕ್‌ಗಳು ಬಡಕೊಂಡರೂ ಕೇಳದೆ ಒಂದು ಲಾರಿಯನ್ನು ಘಟ್ಟಕ್ಕೆ ಅಟ್ಟಿದ್ದರು. ಡ್ರೈವರೂ ಕ್ಲೀನರೂ ಹೆಣವಾಗಿ ಮೇಲೆ ಬಂದರು. ಆಗ ಮೆಕ್ಯಾನಿಕ್‌ಗಳ ಸಂಘ ಶೆಡ್ಡಿನ ಬಾಗಿಲಲ್ಲಿ ಕೂತು, ಉಪವಾಸ ಬಿದ್ದು ಈ ಹಕ್ಕನ್ನು ಪಡೆಯಿತು. ನಮ್ಮ ಮೆಕ್ಯಾನಿಕ್ಕೂ ಅಂದು ಕೂತವರಲ್ಲಿ ಒಬ್ಬ.

ಡ್ರೈವರುಗಳಿಗೆ ಸಂಘವಿರಲಿಲ್ಲ. ಗಾಡಿ ನಿಂತರೆ ಅವರಿಗೆ ಆ ದಿನದ ಭತ್ಯೆಯೂ ಇರಲಿಲ್ಲ. ಆದರೂ ಶೆಡ್ಡಿಗೆ ಬಂದ ಡ್ರೈವರ್ ಮೊದಲು ನೋಡುತ್ತಿದ್ದದ್ದು ಸ್ಟಿಯರಿಂಗನ್ನು. ಕೆಂಪು ಬಟ್ಟೆ ಕಂಡರೆ ಮರುಮಾತಿಲ್ಲದೆ ತಿರುಗಿ ಚಹಾದಂಗಡಿಗೆ ಹೋಗುತ್ತಿದ್ದ. ಏನು ಕೆಟ್ಟಿದೆ, ಏಕೆ ಕಟ್ಟಿದೆ ಎಂದು ಕೇಳಿದವರಿಲ್ಲ. ಹೆಂಡತಿ ಕೊಟ್ಟ ತಾಟಿನಲ್ಲಿ ಏನಿದೆ ಎಂದು ಯಾರಾದರೂ ಮೂಸಿ ನೋಡಿ ಉಣ್ಣುತ್ತಾರೆಯೇ? ಹಾಗೆ.

ಅವರಲ್ಲಿ ಒಬ್ಬ ಡ್ರೈವರ್ ನಮ್ಮ ಮೆಕ್ಯಾನಿಕ್ಕಿನ ಓಣಿಯವನು. ಸಂಬಂಧದಲ್ಲಿ ಏನೂ ಅಲ್ಲ. ಆದರೂ ಇವನನ್ನು ಅಣ್ಣ ಎಂದೇ ಕರೆಯುತ್ತಿದ್ದ. ಮಧ್ಯಾಹ್ನ ಊರಲ್ಲಿದ್ದರೆ ಇಬ್ಬರೂ ಒಂದೇ ಬುತ್ತಿ ಬಿಚ್ಚುತ್ತಿದ್ದರು.

ಹೀಗಿರುವಾಗ ಕಂಪನಿಗೆ ಒಂದು ದುರ್ಬುದ್ಧಿ ಬಂತು. ಶೆಡ್ಡನ್ನು ಮುಚ್ಚಿ, ರಿಪೇರಿಯನ್ನು ಹೊರಗಿನ ಗುತ್ತಿಗೆದಾರನಿಗೆ ಕೊಡುವುದೆಂದು ನಿಶ್ಚಯಿಸಿತು. ಗ್ರೀಸು ಮೆತ್ತಿಕೊಂಡೇ ತಲೆ ನರೆತವರನ್ನೆಲ್ಲ ಮನೆಗೆ ಕಳಿಸುತ್ತೇವೆ ಎಂದಿತು. ಸಂಘ ಮಾತಿಗೆ ಕರೆಯಿತು, ಕಂಪನಿ ಬರಲಿಲ್ಲ. ನ್ಯಾಯ ಯಾರ ಕಡೆಗಿತ್ತು ಎಂದು ನೀನು ಕೇಳಬೇಕಾಗಿಲ್ಲ. ಮೆಕ್ಯಾನಿಕ್‌ಗಳ ಕಡೆಗೇ ಇತ್ತು. ಪೂರ್ತಿ ಇತ್ತು.

ದೀಪಾವಳಿಯ ಮಾಲು ಗೋದಾಮಿನ ಬಾಗಿಲವರೆಗೆ ಬಂದು ಬಿದ್ದಿದ್ದ ಹೊತ್ತು. ಸಂಘದ ಮುಖಂಡ ಎಲ್ಲರನ್ನೂ ಶೆಡ್ಡಿನ ಹಿಂದೆ ಕರೆದು ಹೇಳಿದ: “ಮುಷ್ಕರ ಹೂಡಿದ್ರ ನಾಳೆನ ಹೊರಗಿನವರನ್ನ ತಂದು ಕುಂದರಸ್ತಾರ. ಬಟ್ಟೆ ಕಟ್ಟಿದ್ರ ಯಾರೂ ಏನೂ ಮಾಡಂಗಿಲ್ಲ. ಎಲ್ಲಾ ಗಾಡಿಗೂ ಕಟ್ರಿ. ಆದ್ರ ಡ್ರೈವರಗೋಳ ಕಿವಿಗೆ ಇದು ಬೀಳಬಾರದು. ಅವರ ಬಾಯಾಗ ಮಾತು ನಿಲ್ಲಂಗಿಲ್ಲ.”

ಈ ಬಟ್ಟೆಯನ್ನು ಇದಕ್ಕೆ ಬಳಸಬಾರದು ಎಂದು ನಮ್ಮ ಮೆಕ್ಯಾನಿಕ್ಕಿನ ನಾಲಿಗೆ ತುದಿಯವರೆಗೆ ಬಂತು. ಆದರೆ ಸುತ್ತಲಿನ ಮುಖಗಳನ್ನು ನೋಡಿ ನುಂಗಿಕೊಂಡ. ಹೊಟ್ಟೆಯ ಪ್ರಶ್ನೆ ಎದುರಿಗಿದ್ದಾಗ ಬಟ್ಟೆಯ ಮರ್ಯಾದೆ ಎತ್ತುವವನು ದ್ರೋಹಿಯಂತೆ ಕಾಣುತ್ತಾನೆ. ಅವನೂ ಹೋಗಿ, ತಾನೇ ಹಿಂದಿನ ದಿನ ನೋಡಿ ಸೈ ಎಂದಿದ್ದ ಲಾರಿಗಳ ಸ್ಟಿಯರಿಂಗಿಗೆ ಗಂಟು ಹಾಕಿದ. ಗಂಟು ಎಂದಿನಂತೆ ಬಿಗಿಯಾಗಿ ಕೂತಿತು. ಅಭ್ಯಾಸದ ಕೈ ಅದು.

ಬೆಳಗ್ಗೆ ಡ್ರೈವರುಗಳು ಬಂದು ನೋಡಿದರೆ ಶೆಡ್ಡೆಲ್ಲ ಕೆಂಪು. ಓಣಿಯ ಡ್ರೈವರ್ ನೆಟ್ಟಗೆ ಮೆಕ್ಯಾನಿಕ್ಕಿನ ಬಳಿ ಬಂದ. ಅವನು ಹಾಗೆ ಬಂದು ಕೇಳಿದ್ದು ಅದೇ ಮೊದಲು.

“ಯಣ್ಣಾ, ಖರೇನ ಇಷ್ಟೂ ಗಾಡಿ ಕೆಟ್ಟಾವೇನು?”

ಮೆಕ್ಯಾನಿಕ್ ಪಾನಾ ಹುಡುಕುವವನಂತೆ ಹತಾರಗಳ ಪೆಟ್ಟಿಗೆಗೆ ಬಗ್ಗಿದ. “ಖರೇನ ಕೆಟ್ಟಾವ, ತಮ್ಮಾ,” ಎಂದ.

ಡ್ರೈವರಿಗೆ ಅಷ್ಟು ಸಾಕಾಯಿತು. ಸಾಕಾದದ್ದಷ್ಟೇ ಅಲ್ಲ, ಅವನಿಗೆ ಸಿಟ್ಟು ನೆತ್ತಿಗೇರಿತು. ಇಂಥ ಗಾಡಿಗಳಲ್ಲಿ ಇಷ್ಟು ದಿನ ನಮ್ಮನ್ನು ಘಟ್ಟ ಇಳಿಸಿದರೇ ಎಂದು ನೇರ ಮ್ಯಾನೇಜರನ ಕೋಣೆಗೆ ನುಗ್ಗಿ, ಎಲ್ಲರಿಗೂ ಕೇಳುವಂತೆ ಕೂಗಾಡಿದ. ಮ್ಯಾನೇಜರ್ ಹೊರಗೆ ಬಂದು ಸಾಲಾಗಿ ನಿಂತ ಲಾರಿಗಳನ್ನು ನೋಡಿದ, ಬಟ್ಟೆಗಳನ್ನು ನೋಡಿದ, ಆಮೇಲೆ ಡ್ರೈವರನ ಮುಖ ನೋಡಿ ನಕ್ಕ. ಆ ನಗು ಏಕೆಂದು ಡ್ರೈವರಿಗೆ ತಿಳಿಯಲಿಲ್ಲ. ದೂರದಿಂದ ನೋಡುತ್ತಿದ್ದ ಮೆಕ್ಯಾನಿಕ್ಕಿಗೆ ತಿಳಿಯಿತು. ಅವನು ತಲೆ ತಗ್ಗಿಸಿದ.

ಮಾಲು ಕೊಳೆಯತೊಡಗಿತು. ವ್ಯಾಪಾರಿಗಳು ಬಂದು ಬಾಗಿಲು ಬಡಿದರು. ಹಬ್ಬ ಹತ್ತಿರವಾಯಿತು. ಬಟ್ಟೆ ಬಿಚ್ಚಲು ಕಂಪನಿಗೆ ಧೈರ್ಯವಾಗಲಿಲ್ಲ. ಬಿಚ್ಚಿ ಏನಾದರೂ ಆದರೆ ಹೊಣೆ ಯಾರದು? ಕೊನೆಗೆ ಯಜಮಾನ ಸಂಘವನ್ನು ಕರೆದು ಶೆಡ್ಡು ಮುಚ್ಚುವುದಿಲ್ಲ, ಯಾರನ್ನೂ ತೆಗೆಯುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟ.

ಶೆಡ್ಡಿನಲ್ಲಿ ಕೇಕೆ ಎದ್ದಿತು. ಯಾರೋ ಪೇಢೆ ತಂದು ಹಂಚಿದರು. ಮೆಕ್ಯಾನಿಕ್‌ಗಳು ಲಾರಿಯಿಂದ ಲಾರಿಗೆ ಹತ್ತಿ ಬಟ್ಟೆಗಳನ್ನು ಬಿಚ್ಚಿದರು. ಒಬ್ಬನೂ ಜಾಕಿ ಹಾಕಲಿಲ್ಲ, ಒಂದು ನಟ್ಟನ್ನೂ ತಿರುಗಿಸಲಿಲ್ಲ. ಕೆಟ್ಟ ಗಾಡಿಗಳೆಲ್ಲ ಪೇಢೆ ತಿನ್ನುವಷ್ಟರಲ್ಲಿ ನೆಟ್ಟಗಾದವು. ಓಣಿಯ ಡ್ರೈವರ್ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡಿದ. ಮೆಕ್ಯಾನಿಕ್ ಅವನ ಕೈಗೆ ಪೇಢೆ ಕೊಟ್ಟ. ಅವನು ತೆಗೆದುಕೊಂಡ, ತಿನ್ನಲಿಲ್ಲ. ಮರುದಿನದಿಂದ ಮಧ್ಯಾಹ್ನದ ಬುತ್ತಿಗೂ ಬರಲಿಲ್ಲ. ಮೆಕ್ಯಾನಿಕ್ಕಿಗೆ ಅದರಿಂದ ನೋವಾಯಿತು. ಆದರೆ ಗೆದ್ದ ಖುಷಿಯಲ್ಲಿ, ದಿನ ಕಳೆದರೆ ಸರಿಹೋದೀತು ಎಂದುಕೊಂಡ.

ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಆ ಡ್ರೈವರನ ಲಾರಿ ಶೆಡ್ಡಿಗೆ ಬಂತು. ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ ನೋಡಿದ. ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಡ್ರಮ್ಮಿನಲ್ಲಿ ಕೂದಲೆಳೆಯಂಥ ಸೀಳಿತ್ತು. ಬಯಲಿನ ರಸ್ತೆಯಲ್ಲಿ ಅದು ಏನೂ ತೋರಿಸುವುದಿಲ್ಲ. ಘಟ್ಟದ ಇಳಿಜಾರಿನಲ್ಲಿ ಕಾದಾಗ ಒಡೆಯುತ್ತದೆ. ಸ್ಟೋರಿನಲ್ಲಿ ಹೊಸ ಡ್ರಮ್ಮು ಇರಲಿಲ್ಲ, ಪೇಟೆಯಿಂದ ತರಬೇಕಿತ್ತು. ಆ ಜಾಗ ಬೇರೆ ಗಾಡಿಗೆ ಬೇಕೆಂದು ಚಕ್ರವನ್ನು ಮತ್ತೆ ಹಾಕಿ, ಲಾರಿಯನ್ನು ಗೋಡೆಯ ಬದಿಗೆ ನಿಲ್ಲಿಸಿ, ಸ್ಟಿಯರಿಂಗಿಗೆ ಬಟ್ಟೆ ಕಟ್ಟಿ ಪೇಟೆಗೆ ಹೋದ. ಬಟ್ಟೆ ಕಟ್ಟಿದ ಮೇಲೆ ಕಾವಲು ಏಕೆ? ಹಾಗೆಂದೇ ಅವನು ಭಾವಿಸಿದ.

ಡ್ರಮ್ಮು ಹೊತ್ತು ಬಂದು ನೋಡಿದರೆ ಗೋಡೆಯ ಬದಿ ಖಾಲಿ. ಅವನ ಪೆಟ್ಟಿಗೆಯ ಮೇಲೆ ಕೆಂಪು ಬಟ್ಟೆ ನಾಲ್ಕು ಮಡಿಕೆಯಾಗಿ ಕೂತಿತ್ತು.

“ನಿಮ್ಮ ಓಣಿಯಾಂವನ ಬಿಚ್ಚಿದ,” ಎಂದ ಅಲ್ಲಿದ್ದ ಇನ್ನೊಬ್ಬ ಮೆಕ್ಯಾನಿಕ್. “ಈ ಸಲ ಸಂಘಕ್ಕ ಏನ್ ಬೇಕಾಗೇತಿ ಅಂತ ಕೇಳಿ ನಕ್ಕ. ಮಾಲು ತುಂಬಿಸಿಕೊಂಡು ಹೋದ.” ತಡೆಯಬಾರದಿತ್ತೇ ಎಂದು ಇವನು ಕೇಳಲಿಲ್ಲ. ಯಾವ ಬಾಯಿಂದ ತಡೆಯುತ್ತಾನೆ? ಆ ಇನ್ನೊಬ್ಬನೂ ಪೇಢೆ ತಿಂದವನೇ.

ಮೆಕ್ಯಾನಿಕ್ ಡ್ರಮ್ಮನ್ನು ಅಲ್ಲೇ ಬಿಸಾಡಿ ವಾಚ್‌ಮನ್ನನ ಬೈಕು ಕಸಿದುಕೊಂಡು ಹೊರಟ. ದಾರಿಯುದ್ದ ಫೋನು ಮಾಡಿದ. ಡ್ರೈವರ್ ಎತ್ತಲಿಲ್ಲ. ಮುಂದೆ ಕಂಡ ಪ್ರತಿ ಲಾರಿಗೂ ಅವನ ಜೀವ ಹಾರಿ ಹಾರಿ ಬಿತ್ತು. ಎಲ್ಲಾದರೂ ಜನ ಗುಂಪುಗೂಡಿದ್ದಾರೆಯೇ ಎಂದು ನೋಡಲು ಹೆದರಿಕೆ, ನೋಡದಿರಲೂ ಹೆದರಿಕೆ. ಘಟ್ಟ ಶುರುವಾಗುವ ಮೊದಲು ಒಂದು ಹೋಟೆಲಿದೆ. ಡ್ರೈವರುಗಳು ಅಲ್ಲಿ ನಿಲ್ಲಿಸಿ ಮುಖ ತೊಳೆದುಕೊಂಡು ಇಳಿಯುತ್ತಾರೆ. ಇವನು ಅಲ್ಲಿಗೆ ಮುಟ್ಟಿದಾಗ ಆ ಲಾರಿ ಆಗಷ್ಟೇ ಹೊರಡಲು ಎಂಜಿನ್ ಶುರು ಮಾಡಿತ್ತು. ಬೈಕನ್ನು ಅಡ್ಡ ಕೆಡವಿ, ಲಾರಿಯ ಮುಂದೆ ಕೈಯೆತ್ತಿ ನಿಂತ.

“ಕೆಳಗಿಳಿ ತಮ್ಮಾ! ಹಿಂದಿನ ಡ್ರಮ್ಮು ಸೀಳೈತಿ. ಘಟ್ಟದಾಗ ತಡಿಯಂಗಿಲ್ಲ.”

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. ಸಿಟ್ಟಾಗಲಿಲ್ಲ, ಸಾವಕಾಶವಾಗಿ ಹೇಳಿದ. “ಆವತ್ತೂ ಹಿಂಗ ಅಂದಿದ್ದಿ, ಯಣ್ಣಾ. ಊರಿಂದ ಇಲ್ಲೀತನಕ ಒತ್ತಿಗೋತ ಬಂದೀನಿ. ಬ್ರೇಕು ಭೇಷ್ ಹಿಡೀತದ.”

ಬಯಲಲ್ಲಿ ಹಿಡಿಯುತ್ತದೆ, ಇಳಿಜಾರಿನಲ್ಲಿ ಹಿಡಿಯುವುದಿಲ್ಲ ಎಂದು ಮೆಕ್ಯಾನಿಕ್ ಬಿಡಿಸಿ ಹೇಳಿದ. ಆಣೆ ಮಾಡಿದ. ದೇವರ ಹೆಸರು ಹೇಳಿದ. ತನ್ನ ಮಾತು ತನಗೇ ಪೊಳ್ಳಾಗಿ ಕೇಳಿಸಿತು. ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಸೀಳು ಚಕ್ರದ ಒಳಗಿತ್ತು, ಜಾಕಿ ಪಾನಾ ಶೆಡ್ಡಿನಲ್ಲಿದ್ದವು. ಡ್ರೈವರ್ ಗೇರು ಹಾಕಿದ.

ಮೆಕ್ಯಾನಿಕ್ ಮಾತು ನಿಲ್ಲಿಸಿದ. ಎಡಗಡೆಯ ಬಾಗಿಲು ತೆಗೆದು ಹತ್ತಿ, ಡ್ರೈವರನ ಪಕ್ಕ ಕೂತ. “ನಡಿ ಹಂಗಾರ,” ಎಂದ.

ಲಾರಿ ಹೊರಟಿತು. ಹೋಟೆಲು ಹಿಂದಾಯಿತು. ಡ್ರೈವರ್ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದ: ಈಗ ನಕ್ಕುಬಿಡುತ್ತಾನೆ, ಸುಳ್ಳು ಎಂದು ಒಪ್ಪಿಕೊಳ್ಳುತ್ತಾನೆ. ಮೆಕ್ಯಾನಿಕ್ ನಗಲಿಲ್ಲ. ಅವನ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗಳ ಮುಖ ಕಣ್ಣೆದುರು ಬಂತು. ಬಾಗಿಲ ಹಿಡಿ ಕೈಗೆ ಎಟುಕುವಂತಿತ್ತು. ಇಳಿದರೆ ತಾನು ಉಳಿಯುತ್ತೇನೆ, ಇವನು ಹೋಗುತ್ತಾನೆ. ಅವನಿಗೆ ಸಾವಿನ ಭಯವಾಗಿತ್ತು, ತುಂಬ ಭಯವಾಗಿತ್ತು. ಆದರೂ ಕೈಗಳನ್ನು ತೊಡೆಯ ಮೇಲಿಂದ ತೆಗೆಯಲಿಲ್ಲ. ಮುಂದೆ ರಸ್ತೆ ಬಾಗಿ, ಕೆಳಗಿನ ಕಣಿವೆ ಬಾಯ್ತೆರೆದು ಕಂಡಿತು. ಅವನು ಕಣ್ಣು ಮುಚ್ಚಿಕೊಂಡ.

ಲಾರಿ ನಿಂತಿತು. ಇಳಿಜಾರಿಗೆ ಇನ್ನೂ ಒಂದು ಮಾರು ಇತ್ತು. ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿದ. ಇಳಿದು ಹೋಗಿ ಚಕ್ರಗಳಿಗೆ ಕಲ್ಲು ಕೊಟ್ಟು ಬಂದ. ಮತ್ತೆ ಹತ್ತಿ ತನ್ನ ಸೀಟಿನಲ್ಲಿ ಕೂತ. ಆಮೇಲೆ ಡ್ರೈವರ್ ಸ್ಟಿಯರಿಂಗಿಗೆ ಹಣೆ ಹಚ್ಚಿ ಹೇಳಿದ.

“ಆವತ್ತು ನನಗ ಖರೇ ಹೇಳಿದ್ರ, ನಾನೂ ನಿಮ್ಮ ಜೋಡಿ ಕುಂದರತಿದ್ದೆ, ಯಣ್ಣಾ.”

ಮೆಕ್ಯಾನಿಕ್ ಅತ್ತ. ಅಳು ಬಂದದ್ದು ಬದುಕಿದ್ದಕ್ಕಲ್ಲ.

ಶೆಡ್ಡು ಇವತ್ತಿಗೂ ನಡೆಯುತ್ತಿದೆ. ಕೆಂಪು ಬಟ್ಟೆಯನ್ನೂ ಕಟ್ಟುತ್ತಾರೆ. ಆದರೆ ಡ್ರೈವರುಗಳು ಅದನ್ನು ಕಂಡು ಚಹಾಕ್ಕೆ ಹೋಗುವುದಿಲ್ಲ. ಕಟ್ಟಿದವನನ್ನು ಕರೆಸಿ, ಚಕ್ರ ಬಿಚ್ಚು, ತೋರಿಸು ಎನ್ನುತ್ತಾರೆ. ಅವನು ಒಮ್ಮೆ ಬಿಚ್ಚಿ ಹಾಕಿದ್ದನ್ನು ಅವರ ಕಣ್ಣೆದುರು ಮತ್ತೆ ಬಿಚ್ಚುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸುಮ್ಮನಾಗಲಿಲ್ಲ.

“ಆದರೂ ಅವರು ಗೆದ್ದರಲ್ಲ, ಗುರುಗಳೇ. ಅಷ್ಟು ಮನೆಗಳ ಒಲೆ ಉರಿಯಿತು. ಸುಳ್ಳು ಹೇಳಿದ್ದಾದರೂ ಯಾರಿಗೆ? ಅನ್ಯಾಯ ಮಾಡಿದ ಕಂಪನಿಗೆ ತಾನೇ?”

ಗುರುಗಳು ಎದ್ದು ಶಲ್ಯ ಕೊಡವಿಕೊಂಡರು.

“ಕಂಪನಿ ಆ ಸುಳ್ಳನ್ನು ಒಂದು ದಿನವೂ ನಂಬಲಿಲ್ಲ, ಮಗು. ನಂಬಿದವನು ಡ್ರೈವರ್ ಒಬ್ಬನೇ.”