ಗರಡಿಗೆ ದಿನಾ ಹೋಗುವವರು

ಕರಡಿಗುಡ್ಡದ ಪಾಳೆಯಗಾರ ಭೈರನಾಯಕನಿಗೆ ಎರಡು ವಿಷಯದಲ್ಲಿ ಭಾರೀ ಜಂಬ. ಒಂದು, ದಿನಾ ಬೆಳಗಿನ ಜಾವ ತಾನೊಬ್ಬನೇ ಗರಡಿಯಲ್ಲಿ ಸಾಮು ಮಾಡುತ್ತೇನೆ ಎನ್ನುವುದು. ಗರಡಿಯ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿದ್ದುದರಿಂದ ಅವನ ಪಟ್ಟುಗಳನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಎರಡನೆಯ ಜಂಬ ಹೊಸದು. ನನ್ನ ಹಾಗೆ ಕೋಳಿ ಸಾಕುವವನು ಈ ಸೀಮೆಯಲ್ಲೇ ಇಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಈ ಹುಚ್ಚು ಹತ್ತಿದ್ದು ಕೋಟೆ ಬಾಗಿಲ ಪಕ್ಕದ ಬೋರಮ್ಮನ ಹಿತ್ತಲಿನಲ್ಲಿ. ಅವಳ ಅಂಗೈಯಿಂದ ಹೇಟೆ ಕೋಳಿಯೊಂದು ರಾಗಿ ಹೆಕ್ಕಿ ತಿನ್ನುವುದನ್ನು ನೋಡಿ ದೊರೆ ಕರಗಿಹೋದ. ಅವಳ ಆರು ಹೇಟೆಗಳನ್ನು ಅರಮನೆಗೆ ತರಿಸಿಕೊಂಡು, ನೋಡಿಕೊಳ್ಳಲು ಅವಳನ್ನೇ ನೇಮಿಸಿದ.

ಬೋರಮ್ಮ ಮೊದಲ ದಿನವೇ ಹೇಳಿದ್ದಳು. "ದೊರೆ, ಇವಕ್ಕೆ ಜಾಸ್ತಿ ಏನೂ ಬ್ಯಾಡ. ರಾತ್ರಿ ಕೂರಾಕೆ ಒಂದು ಅಡ್ಡಗೋಲು, ಹೊರಳಾಡಾಕೆ ಒಣಮಣ್ಣು, ಮೊಟ್ಟೆ ಇಡಾಕೆ ಜನ ಸುಳೀದಿರೋ ಒಂದು ಕತ್ತಲ ಮೂಲೆ. ಇಷ್ಟು ಕೊಟ್ಟು ಸುಮ್ನಿದ್ದುಬಿಡಿ."

ಸುಮ್ಮನಿರುವುದೊಂದು ದೊರೆಗೆ ಬರುತ್ತಿರಲಿಲ್ಲ. ಕಲ್ಲು ಹಾಸಿದ ಅಂಗಳದ ನಟ್ಟನಡುವೆ ಮೊಟ್ಟೆ ಇಡಲೆಂದು ರೇಷ್ಮೆಯ ಮೆತ್ತೆ ಹಾಕಿಸಿದ. ಮೆತ್ತೆಯ ಎರಡು ಕಡೆ ಈಟಿ ಹಿಡಿದ ಕಾವಲುಗಾರರು. ಕೋಳಿಗಳಿಗೆ ಸೀಗೆಕಾಯಿಯ ಸ್ನಾನ, ಸಾಂಬ್ರಾಣಿ ಹೊಗೆ, ಮೇಲೆ ಓಲಗ. ಹೊರಳಾಡಲು ಅಂಗಳದಲ್ಲಿ ಒಂದು ಚಿಟಿಕೆ ದೂಳಿರಲಿಲ್ಲ. ಕಾವಲುಗಾರರು ಮೆತ್ತೆಯನ್ನು ಕಣ್ಣು ಮಿಟುಕಿಸದೆ ಕಾದರು. ಕೋಳಿಗಳು ಎಲ್ಲಿ ತಿರುಗುತ್ತವೆ ಎಂದು ಯಾರೂ ನೋಡಲಿಲ್ಲ.

ತಿಂಗಳು ಕಳೆದರೂ ಮೆತ್ತೆಯ ಮೇಲೆ ಒಂದು ಮೊಟ್ಟೆ ಬೀಳಲಿಲ್ಲ. ತನ್ನ ಸಾಕಣೆಯಲ್ಲಿ ತಪ್ಪಿರಲು ಸಾಧ್ಯವೇ ಇಲ್ಲವಾದ್ದರಿಂದ ಬೋರಮ್ಮನೇ ಕದಿಯುತ್ತಿದ್ದಾಳೆ ಎಂದು ದೊರೆ ತೀರ್ಮಾನಿಸಿದ. ನಾಳೆ ಸಂಜೆಯೊಳಗೆ ಅವಳು ಮನೆ, ಹಿತ್ತಲು ಬಿಟ್ಟು ಕೋಟೆಯಿಂದ ಆಚೆ ಹೋಗಬೇಕು ಎಂದು ಅಪ್ಪಣೆಯಾಯಿತು. ಗಂಡ ತೀರಿಕೊಂಡ ಹೆಂಗಸು, ಬೇರೆ ನೆಲೆಯಿಲ್ಲ. ಆದರೂ ಅವಳು ಕೇಳಿದ್ದು ಒಂದೇ ಮಾತು: ನಾನು ಹೋದ ಮೇಲೆ ಹೊತ್ತು ಮುಳುಗುವಾಗ ಕೋಳಿಗಳನ್ನು ಒಳಗೆ ಕೂಡಿಹಾಕುವವರು ಯಾರು, ಮುಂಗುಸಿ ಬರುತ್ತದಲ್ಲ ಎಂದು.

ಆಸ್ಥಾನದ ಮಾತುಗಾರ ಕೆಂಚಯ್ಯ ಇದನ್ನು ಕೇಳಿ ತಡಮಾಡಲಿಲ್ಲ. ಸೀದಾ ಅಂಗಳಕ್ಕೆ ಹೋಗಿ ಕೂತ. ಹೇಟೆಯೊಂದು ಹತ್ತಿರ ಬಂದು ಮೈ ಕೊಡವಿತು. ಅವನ ಬಿಳಿ ಪಂಚೆಯ ಮೇಲೆಲ್ಲ ಕೆಂಪು ಮಣ್ಣು ಉದುರಿತು. ಮೂಸಿ ನೋಡಿದ. ಅರಿಶಿನ ಮತ್ತು ಎಣ್ಣೆಯ ವಾಸನೆ.

ಅರಿಶಿನ, ಎಣ್ಣೆ ಹಾಕಿ ಹದ ಮಾಡಿದ ಕೆಮ್ಮಣ್ಣು ಅರಮನೆಯಲ್ಲಿ ಇರುವುದು ಒಂದೇ ಕಡೆ. ಅಂಗಳದ ಹಿಂದಿದ್ದ ಗರಡಿಯ ಗೋಡೆಯತ್ತ ನೋಡಿದ. ಬುಡದ ಬಚ್ಚಲ ಕಿಂಡಿಯಲ್ಲಿ ಒಂದು ಪುಕ್ಕ ಸಿಕ್ಕಿಕೊಂಡಿತ್ತು. ದೊರೆಯ ಪಂಚೆಯ ಮೇಲೆ ಮಾತ್ರ ಈ ಮಣ್ಣನ್ನು ತಾನು ಒಂದು ದಿನವೂ ಕಂಡಿಲ್ಲವಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಮೊಟ್ಟೆ ಎಲ್ಲಿವೆ ಎಂದು ಗೊತ್ತಾಯಿತು. ಆದರೆ ನೇರವಾಗಿ ಹೇಳಿದರೆ ದೊರೆಯ ಮಾನ ಹೋಗುತ್ತದೆ, ಬೋರಮ್ಮನ ಹಿಂದೆಯೇ ತಾನೂ ಕೋಟೆ ದಾಟಬೇಕಾಗುತ್ತದೆ.

ಮರುದಿನ ಕೆಂಚಯ್ಯ ಸಭೆಯಲ್ಲಿ ಕೈಮುಗಿದು, ಕಳ್ಳಿಯನ್ನು ಹೊರಗಟ್ಟುವ ಮೊದಲು ಕದ್ದ ಮಾಲನ್ನು ಹುಡುಕುವುದು ನ್ಯಾಯ ಎಂದ. ದೊರೆಗೂ ಸರಿ ಎನಿಸಿತು.

"ಮೊಟ್ಟೆ ಯಾರ ಜಾಗದಲ್ಲಿ ಸಿಗುತ್ತದೋ ಅವರೇ ಕಳ್ಳರು" ಎಂದು ಗುಡುಗಿದ. "ಯಾರೇ ಆಗಿರಲಿ, ಬಿಡುವುದಿಲ್ಲ."

"ದಿವಾನರಾದರೆ?" ಎಂದ ಕೆಂಚಯ್ಯ.

"ದಿವಾನನ ಅಪ್ಪನಾದರೂ ಬಿಡುವುದಿಲ್ಲ."

ಬೋರಮ್ಮನ ಮನೆಯಲ್ಲಿ ಒಂದು ಚಿಪ್ಪೂ ಸಿಗಲಿಲ್ಲ. ಅಡುಗೆಮನೆಯಲ್ಲಿ ಸಿಗಲಿಲ್ಲ. ದಿವಾನರ ಮನೆಯಲ್ಲಿ ಅರಮನೆಯ ಉಪ್ಪಿನಕಾಯಿ ಜಾಡಿಗಳು ಸಿಕ್ಕವು, ಆ ವಿಚಾರ ಆಮೇಲೆ ನೋಡೋಣ ಎಂದಾಯಿತು. ಇನ್ನು ಉಳಿದದ್ದು ಗರಡಿ ಒಂದೇ ಎಂದ ಕೆಂಚಯ್ಯ.

ದೊರೆಯ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. "ಅಲ್ಲೇನು ನೋಡುವುದು? ಇವತ್ತು ಬೆಳಿಗ್ಗೆ ತಾನೇ ಬೆವರು ಸುರಿಸಿ ಬಂದಿದ್ದೇನೆ."

"ಹಾಗಾದರೆ ಇನ್ನೂ ಒಳ್ಳೆಯದಾಯಿತು, ಪ್ರಭು. ಒಮ್ಮೆ ತೆರೆದು ತೋರಿಸಿಬಿಟ್ಟರೆ ಯಾರೂ ಬಾಯಿ ತೆರೆಯುವಂತಿಲ್ಲ."

ದಿನಾ ತೆಗೆಯುವ ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟರು, ಕಲ್ಲಿನಿಂದ ಕುಟ್ಟಿದರು. ಈಚೆಗೆ ಮಂಜು ಜಾಸ್ತಿ ಬೀಳುತ್ತಿದೆ ಎಂದು ದೊರೆ ಗೊಣಗಿದ. ಬಾಗಿಲು ತೆರೆಯಿತು.

ಅಖಾಡದ ತುಂಬ ಕೋಳಿಗಳು ಹೊರಳಾಡಿ ಮಾಡಿದ ಗುಳಿಗಳು. ಒಂದೊಂದು ಗುಳಿಯಲ್ಲೂ ಮೊಟ್ಟೆಗಳ ರಾಶಿ. ನಡುವೆ ಮೊಟ್ಟೆ ಇಡಲು ಕೂತಿದ್ದ ಹೇಟೆಯೊಂದು ಕತ್ತೆತ್ತಿ, ಯಾರಪ್ಪ ನೀವು ಎಂಬಂತೆ ದೊರೆಯನ್ನು ನೋಡಿತು.

ಆಡಿದ ಮಾತಿನ ಪ್ರಕಾರ ದೊರೆಯೇ ಕಳ್ಳ. ಅಲ್ಲ ಎನ್ನಬೇಕಾದರೆ ತಾನು ಇಲ್ಲಿಗೆ ಕಾಲೇ ಇಟ್ಟಿಲ್ಲ ಎಂದು ಒಪ್ಪಿಕೊಳ್ಳಬೇಕು. ಅವನು ಮೆಲ್ಲಗೆ ಕೇಳಿದ.

"ಕೆಂಚಯ್ಯ, ನಾನು ದಿನಾ ಸಾಮು ಮಾಡುವ ಜಾಗದಲ್ಲಿ ಮೊಟ್ಟೆ ಹೇಗೆ ಬಂತು?"

"ಬಂದದ್ದು ದೊಡ್ಡದಲ್ಲ ಪ್ರಭು, ಉಳಿದದ್ದು ದೊಡ್ಡದು. ಇಷ್ಟು ಮೊಟ್ಟೆಗಳ ನಡುವೆ ತಿಂಗಳಿಡೀ ಕುಸ್ತಿ ಮಾಡಿ ಒಂದನ್ನೂ ಒಡೆಯದ ಜಟ್ಟಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ."

ಮೊದಲು, ಬಾಗಿಲ ಬಳಿ ನಿಂತಿದ್ದ ಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ದಿವಾನರ ಹೊಟ್ಟೆ ಕುಲುಕಿತು. ಕೊನೆಗೆ ದೊರೆಯೇ ಅಖಾಡದ ಅಂಚಿನಲ್ಲಿ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಸರಿ, ಕಳ್ಳ ಸಿಕ್ಕಿದ. ಏನು ಶಿಕ್ಷೆ ಕೊಡುತ್ತೀಯಮ್ಮ?" ಎಂದು ಬೋರಮ್ಮನನ್ನು ಕೇಳಿದ.

"ಆ ಓಲಗ ಒಂದು ನಿಲ್ಸಿ ದೊರೆ, ಸಾಕು" ಎಂದಳು ಅವಳು.

ಓಲಗ ನಿಂತಿತು. ಮನೆ, ಹಿತ್ತಲು ಶಾಶ್ವತವಾಗಿ ಬೋರಮ್ಮನದೇ ಎಂದು ದೊರೆ ಅಲ್ಲೇ ಅಪ್ಪಣೆ ಕೊಟ್ಟ. ಆಮೇಲೆ ಸೊಂಟದ ಬೀಗದ ಕೈ ಬಿಚ್ಚಿ, ಇನ್ನು ಈ ಗರಡಿಯನ್ನು ಯಾರಿಗೆ ಒಪ್ಪಿಸಲಿ ಎಂದು ಕೆಂಚಯ್ಯನನ್ನು ಕೇಳಿದ.

"ದಿನಾ ಬರುವವರಿಗೇ ಇರಲಿ ಪ್ರಭು" ಎಂದ ಕೆಂಚಯ್ಯ. "ಅವರಿಗೆ ಬೀಗದ ಕೈಯೂ ಬೇಕಾಗಿಲ್ಲ."