ಕಣಕದ ಮೇಲಿನ ಎರಡನೇ ಗುಳಿ

ಈ ಭೂಮಿಯನ್ನು ತಿರುಗಿಸುವ ಇಂಜಿನ್ನಿಗೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸುವವನು ನಾನೇ. ಸುಳ್ಳು. ನನ್ನ ಸ್ಕೂಟರಿನ ಆಯಿಲ್ ನೋಡಿಯೇ ಎರಡು ವರ್ಷವಾಯಿತು. ಆದರೆ ಈಗ ಹೇಳುವುದು ನಿಜ. ಅಲ್ಲಲ್ಲಿ ಚಿಟಿಕೆ ಉಪ್ಪು ಉದುರಿಸಿದ್ದೇನೆ, ಅಷ್ಟೇ.

ಹರಿಹರದಲ್ಲಿ ಬೋರಲಿಂಗ ಎಂಬ ಮೆಕ್ಯಾನಿಕ್ ಇದ್ದ. ಹಳೇ ಕಾರುಗಳ ವೈದ್ಯ. ಸದ್ದು ಕೇಳಿಯೇ ಇಂಜಿನ್ನಿನ ಕಾಯಿಲೆ ಹೇಳುವವನು. ಒಂದು ದಿನ ಅವನ ಗ್ಯಾರೇಜಿಗೆ ಸಲೋಮಿ ಸಿಸ್ಟರ್ ಅವರ ಕರಿ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಸಿಸ್ಟರ್ ಎಂದರೆ ಹೆರಿಗೆ ನರ್ಸು. ಆ ಕಾರನ್ನು ತಾವೇ ಓಡಿಸಿಕೊಂಡು ಊರೂರಿಗೆ ಹೋಗಿ ಬಸುರಿಯರನ್ನು ಆಸ್ಪತ್ರೆಗೆ ಕರೆತಂದವರು. ದಾರಿಯಲ್ಲೇ, ಹಿಂದಿನ ಸೀಟಿನಲ್ಲೇ ಹುಟ್ಟಿದವರು ಒಂದು ಸಾವಿರ ಜನ. ಸರಿ, ಹನ್ನೊಂದು ಜನ. ಅವರಲ್ಲಿ ಬೋರಲಿಂಗನೂ ಒಬ್ಬ.

ಹಾಗಾಗಿ ಅವನಿಗೆ ಅದು ಕಾರಲ್ಲ, ತವರು. ಇಂಜಿನ್ ಪೂರ್ತಿ ಬಿಚ್ಚಿದ. ಆ ಅಳತೆಯ ಪಿಸ್ಟನ್ ಈಗ ಯಾರೂ ಮಾಡುವುದಿಲ್ಲ. ಮೂರು ವರ್ಷ ಹುಡುಕಿದ ಮೇಲೆ ಒಂದೇ ಒಂದು ಸೆಟ್ ಸಿಕ್ಕಿತು. ಅದು ಹೋದರೆ ಇನ್ನೊಂದಿಲ್ಲ. ಸಿಸ್ಟರಿಗೂ ಎಂಬತ್ತಾರು ತುಂಬಿತ್ತು. ಇನ್ನೊಮ್ಮೆ ಆ ಕಾರು ಓಡಿಸಬೇಕು ಎಂಬುದೊಂದೇ ಅವರ ಆಸೆ.

ಸೊಟ್ಟಗಾಗಿದ್ದ ಹೆಡ್ಡನ್ನು, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳವನ್ನು, ಲೇತಿನವರು ಉಜ್ಜಿ ಸಮ ಮಾಡಿಕೊಟ್ಟಿದ್ದರು. ಉಜ್ಜಿದಷ್ಟೂ ಹೆಡ್ಡು ತೆಳು. ಅದರಲ್ಲಿ ಕೂತ ವಾಲ್ವುಗಳು ಪಿಸ್ಟನ್ನಿಗೆ ಅಷ್ಟು ಹತ್ತಿರ. ವಾಲ್ವು ಕೆಳಗಿಳಿಯುವಾಗಲೂ ಪಿಸ್ಟನ್ ಮೇಲೇರುವಾಗಲೂ ನಡುವೆ ಎರಡು ಮಿಲಿಮೀಟರಾದರೂ ಜಾಗ ಬೇಕು. ಇಲ್ಲವಾದರೆ ಒಂದಕ್ಕೊಂದು ಬಡಿದು ಎಲ್ಲ ಪುಡಿ. ಆದರೆ ಮುಚ್ಚಿದ ಇಂಜಿನ್ನಿನೊಳಗೆ ಇಣುಕುವವರು ಯಾರು?

ಅದಕ್ಕೊಂದು ಉಪಾಯ ಇದೆ. ಬೋರಲಿಂಗ ಪಕ್ಕದ ಹೋಟೆಲಿನಿಂದ ಒಂದು ಉಂಡೆ ಚಪಾತಿ ಕಣಕ ತಂದ. ಎಣ್ಣೆ ಸವರಿ ಒಂದು ಪಿಸ್ಟನ್ನಿನ ನೆತ್ತಿಗೆ ತಟ್ಟಿದ. ಹೆಡ್ಡು ಕೂರಿಸಿ ಬೋಲ್ಟ್ ಬಿಗಿದ. ಸ್ಪ್ಯಾನರ್ ಹಾಕಿ ಕೈಯಿಂದಲೇ ಇಂಜಿನ್ ತಿರುಗಿಸಿದ. ಪುಲ್ಲಿಯ ಮೇಲಿನ ಗುರುತು ಒಂದು ಸುತ್ತು ಸುತ್ತಿ ಹೊರಟಲ್ಲಿಗೇ ಬಂತು. ಹೆಡ್ಡು ಬಿಚ್ಚಿ ನೋಡಿದರೆ ಕಣಕದ ಮೇಲೆ ದುಂಡನೆಯ ಗುಳಿ. ಬ್ಲೇಡಿನಿಂದ ಕೊಯ್ದು, ಗುಳಿಯ ತಳದಲ್ಲಿ ಉಳಿದ ಕಣಕದ ದಪ್ಪ ಅಳೆದ. ಅಷ್ಟೇ ನಡುವಿನ ಜಾಗ. ಎರಡೂವರೆ ಮಿಲಿಮೀಟರ್.

“ಆಯ್ತು ಸಿಸ್ಟರಮ್ಮ. ಸಂಜೆಗೆ ನೀವು ಸೀಟಲ್ಲಿ.”

ಸ್ಟೂಲಿನ ಮೇಲೆ ಕೂತಿದ್ದ ಸಿಸ್ಟರ್ ಕನ್ನಡಕ ಏರಿಸಿಕೊಂಡು ಬಗ್ಗಿದರು. “ಈ ಕೋಣೆಗೆ ಬಾಗಿಲು ಎಷ್ಟು ಮಗಾ?”

“ಎರಡು ವಾಲ್ವು. ಪೆಟ್ರೋಲು ಗಾಳಿ ಒಳಗೆ ಬರೋಕೊಂದು, ಹೊಗೆ ಹೋಗೋಕೊಂದು.”

“ಗುಳಿ ಒಂದೇ ಇದೆಯಲ್ಲೋ.”

ಬೋರಲಿಂಗ ನಕ್ಕ. “ಅಮ್ಮಾ, ಇದು ಇಂಜಿನ್ನು. ಹೆರಿಗೆ ಅಲ್ಲ.”

“ಹೂಂ. ನಿಮ್ಮಪ್ಪನೂ ಹೀಗೇ ಮಾತಾಡ್ತಿದ್ದ. ನಿಮ್ಮಕ್ಕ ಹುಟ್ಟಿದ್ಲು. ‘ಮುಗೀತಲ್ಲ ಸಿಸ್ಟರ್, ಗಾಡಿ ಪೇಡದ ಅಂಗಡಿಗೆ ತಿರುಗಿಸಿ’ ಅಂದ. ಒಂದು ಕೂಸು ಕೈಗೆ ಬಂದ ಮೇಲೂ ಹೊಟ್ಟೆ ಮುಟ್ಟಿ ನೋಡೋದು ನನ್ನ ಪದ್ಧತಿ. ಮುಟ್ಟಿದೆ. ಒಳಗೆ ನೀನಿದ್ದೆ.”

ಬೋರಲಿಂಗನ ನಗು ನಿಂತಿತು. ಇಂಜಿನ್ ಎರಡು ಸುತ್ತು ತಿರುಗಿದರೆ ತಾನೇ ಎಲ್ಲ ವಾಲ್ವುಗಳೂ ಒಂದೊಂದು ಸಲ ತೆರೆಯುವುದು? ಅದು ಅವನಿಗೆ ಸ್ವಂತ ಹೆಸರಿನಷ್ಟೇ ಗೊತ್ತು. ಹತ್ತು ಜನಕ್ಕೆ ಕಲಿಸಿದ್ದಾನೆ. ಆ ಕಾರು ಹೊರಡುವ ಸದ್ದು ಕೇಳುವ ಆತುರಕ್ಕೆ ಕೈ ಒಂದೇ ಸುತ್ತಿಗೆ ನಿಂತುಬಿಟ್ಟಿತ್ತು.

ಹೊಸ ಕಣಕ ಹಾಕಿದ. ಎರಡು ಸುತ್ತು ತಿರುಗಿಸಿದ. ಬಿಚ್ಚಿದ.

ಈಗ ಗುಳಿ ಎರಡು. ಮೊದಲನೆಯದು ಮೊದಲಿನಂತೆಯೇ ಇತ್ತು. ಎರಡನೆಯದರ ತಳದಲ್ಲಿ ಕಣಕ ಈರುಳ್ಳಿ ಸಿಪ್ಪೆಯಷ್ಟಾಗಿತ್ತು. ಅದರ ಹಿಂದೆ ಪಿಸ್ಟನ್ನಿನ ಹೊಳಪು ಕಾಣುತ್ತಿತ್ತು. ಇಂಜಿನ್ ಬಿಸಿಯಾಗಿ ವೇಗ ಹಿಡಿದರೆ ಆ ಸಿಪ್ಪೆಯಷ್ಟು ಜಾಗವೂ ಉಳಿಯುತ್ತಿರಲಿಲ್ಲ.

ಬೋರಲಿಂಗ ಆ ಗುಳಿಯನ್ನು ಬೆರಳಿಂದ ಸವರಿದ. ಮೂವತ್ತು ವರ್ಷ ಇಂಜಿನ್ ಬಿಚ್ಚಿದವನು ಇಂಜಿನ್ನನ್ನು ಅವತ್ತೇ ಮೊದಲು ಕಂಡಂತೆ ನಿಂತ. ಕಣ್ಣೇ ಹೋಗದ ಕತ್ತಲಲ್ಲಿ, ನಿಮಿಷಕ್ಕೆ ಸಾವಿರ ಸಲ, ಎರಡು ಲೋಹಗಳು ಒಂದರ ಮೇಲೊಂದು ನುಗ್ಗಿ ಬಂದು, ಮುಟ್ಟದೆ ಹಿಂತಿರುಗುತ್ತವೆ. ಊರೂರು ಸುತ್ತಿದ್ದು, ಹನ್ನೊಂದು ಕೂಸು ಅತ್ತಿದ್ದು, ಎಲ್ಲ ಆ ನಡುವಿನ ಜಾಗದ ದಯೆ.

“ಇಷ್ಟರಲ್ಲಿ ಉಳೀತಾ ಅಮ್ಮಾ?” ಎಂದ, ಬಲು ಮೆಲ್ಲಗೆ.

“ನೀನೂ ಇಷ್ಟರಲ್ಲೇ ಉಳಿದದ್ದು,” ಎಂದರು ಸಿಸ್ಟರ್.

ಅವನು ದಪ್ಪ ತಾಮ್ರದ ಗ್ಯಾಸ್ಕೆಟ್ ಮಾಡಿಸಿ, ಹೆಡ್ಡಿನ ಅಡಿಗೆ ಹಾಸಿ, ಅದನ್ನು ಅಷ್ಟು ಮೇಲೆತ್ತಿದ. ನಾಲ್ಕೂ ಪಿಸ್ಟನ್ನಿಗೆ ಕಣಕ ತಟ್ಟಿ, ಎರಡೆರಡು ಸುತ್ತು ತಿರುಗಿಸಿ ಅಳೆದ. ಎಂಟು ದಿನ ಹಿಡಿಯಿತು. ಒಂಬತ್ತನೇ ದಿನ ಬೆಳಿಗ್ಗೆ ಸಿಸ್ಟರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿ, ಹದವಾಗಿ ಉಸಿರಾಡತೊಡಗಿತು.

ಕಿವಿಯ ಮೇಲೆ ಅಷ್ಟು ಜಂಬ ಇದ್ದ ಬೋರಲಿಂಗ ಅವತ್ತು ಕಿವಿಯನ್ನು ನಂಬಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬಹಳ ಹೊತ್ತು ಹಾಗೇ ನಿಂತಿದ್ದ.

ನೀತಿ: ಮುಗಿಯಿತು ಎಂದು ಮನಸ್ಸು ಹೇಳಿದ ಮೇಲೂ ಕೈ ಇನ್ನೊಂದು ಸುತ್ತು ತಿರುಗಿಸಬೇಕು. ಬಲ್ಲವನು ತಪ್ಪುವುದು ಗೊತ್ತಿಲ್ಲದೆ ಅಲ್ಲ, ಆತುರದಿಂದ. ಜೀವ ಉಳಿಯುವುದು ಕಣ್ಣಿಗೆ ಕಾಣದ ಕೂದಲೆಳೆ ಜಾಗದಲ್ಲಿ.

ಆ ಕಣಕ ಈ ಹೋಟೆಲಿನದೇ, ಬೇಕಿದ್ದರೆ ಒಳಗೆ ಕೇಳಿ. ಹಾಗೇ ನನ್ನ ಟೀ ದುಡ್ಡೂ ಕೊಟ್ಟುಬಿಡಿ. ಲೋಟ ಒಂದೇ ಕಾಣುತ್ತಿದೆ ಎಂದು ನಂಬಬೇಡಿ, ಬೆಂಚಿನ ಕೆಳಗೆ ಇನ್ನೊಂದಿದೆ.