ಹೊಸದಾಗಿಯೇ ಉಳಿದ ಕೀಲಿಮಣೆ

“ಅಮ್ಮಾ, ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವ ಕೀಲಿಮಣೆ ಯಾವುದು? ಮೌಸ್ ಯಾವುದು?” ಎಂದು ಚಂಪಾವತಿ ತನ್ನ ಗುರುವನ್ನು ಕೇಳಿದಳು. ಅವಳು ಟೈಪಿಂಗ್ ಕಲಿತು ಮುಗಿಸಿದ್ದಳು. ಸೋಮವಾರ ತಾಲ್ಲೂಕು ಕಚೇರಿಯೆದುರು ಸ್ವಂತ ಮಳಿಗೆ ತೆರೆಯುವವಳಿದ್ದಳು. “ಒಮ್ಮೆ ಕೊಂಡರೆ ಮತ್ತೆ ಅಂಗಡಿ ಕಡೆ ತಲೆ ಹಾಕಬಾರದು, ಅಂಥದ್ದು ಹೇಳಿ.”

ಗುರು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಬ್ಬ ಬೆರಳಚ್ಚುಗಾರ್ತಿ ಇದ್ದಳು. ಊರವರ ಅರ್ಜಿಗಳನ್ನು ಟೈಪು ಮಾಡಿ ಸಂಸಾರ ನಡೆಸುತ್ತಿದ್ದಳು. ಅವಳ ಕೀಲಿಮಣೆ ಕೆಟ್ಟಿತು. ವ್ಯಾಪಾರಿಯೊಬ್ಬನ ಬಳಿ ಹೋಗಿ, ಗಟ್ಟಿಮುಟ್ಟಾದದ್ದು ಕೊಡು ಎಂದಳು. ಅವನು ಇಟ್ಟಿಗೆ ದಪ್ಪದ್ದೊಂದನ್ನು ತೆಗೆದು ಮೇಜಿಗೆ ಕುಕ್ಕಿ ತೋರಿಸಿದ. ಅವಳು ನಿಂತಲ್ಲೇ ಒಂದು ಬೆರಳಿನಿಂದ ತನ್ನ ಹೆಸರು ಒತ್ತಿ ನೋಡಿ ಅದನ್ನೇ ಕೊಂಡಳು. ನಿಂತೇ ಕೊಂಡದ್ದರ ಮುಂದೆ ದಿನವಿಡೀ ಕೂರಬೇಕು ಎಂಬುದು ಹೊಳೆಯಲಿಲ್ಲ.

ಹೊಸದು ಹೊಸದಾಗಿಯೇ ಇರಲಿ ಎಂದು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿದಳು. ರಿಮೋಟಿಗೆ ಹಾಕಿದ್ದಳು, ಫ್ರಿಜ್ಜಿನ ಹಿಡಿಗೆ ಹಾಕಿದ್ದಳು, ಇದಕ್ಕೇಕೆ ಬೇಡ? ಹೊದಿಕೆಯ ಮೇಲಿಂದ ಅಕ್ಷರ ಮೂಡಬೇಕಾದರೆ ಗುದ್ದಬೇಕಿತ್ತು. ಗುದ್ದಿದಳು. ಮಣೆ ಎತ್ತರವಿದ್ದುದರಿಂದ ಮಣಿಕಟ್ಟು ಮೇಲಕ್ಕೆ ಬಾಗಬೇಕಿತ್ತು. ಬಾಗಿಸಿದಳು. ಹೀಗೆ ಮೂರು ವರ್ಷ.

ಒಂದು ಬೆಳಿಗ್ಗೆ ಮಗಳ ಸಮವಸ್ತ್ರದ ಗುಂಡಿ ಹಾಕಲು ಬೆರಳು ಒಪ್ಪಲಿಲ್ಲ. ಹೀಗೇ ಗುದ್ದುತ್ತಿದ್ದರೆ ಈ ಕೈ ಕೆಲಸಕ್ಕೆ ಬಾರದು ಎಂದರು ವೈದ್ಯರು. ಕೈ ಹೋದರೆ ಅನ್ನ ಹೋದಂತೆ. ಅವಳು ಅಳುತ್ತ ಕೂರಲಿಲ್ಲ. ಕೀಲಿಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ನೇರ ಅಂಗಡಿಗೆ ನಡೆದಳು.

ವ್ಯಾಪಾರಿ ಹೊದಿಕೆ ಸುಲಿದ. ಒಂದಕ್ಷರವೂ ಅಳಿಸಿರಲಿಲ್ಲ.

“ನೋಡಕ್ಕಾ, ನಿನ್ನೆ ಒಯ್ದ ಹಾಗಿದೆ! ನಾನು ಹೇಳಿದ್ದು ಸುಳ್ಳಾ?”

“ಸುಳ್ಳಲ್ಲಪ್ಪ. ನಿನ್ನ ಸಾಮಾನು ಉಳೀತು, ನನ್ನ ಕೈ ಸವೀತು. ಈಗ ಒಂದು ಕುರ್ಚಿ ಹಾಕು.”

ಕುರ್ಚಿ ಬಂತು. ಅವಳು ಕೂತಳು. ಅಂಗಡಿಯಲ್ಲಿದ್ದ ಒಂದೊಂದು ಕೀಲಿಮಣೆಯ ಮೇಲೂ ಒಂದೊಂದು ಇಡೀ ಅರ್ಜಿ ಟೈಪು ಮಾಡಿದಳು. ಹಿಂದೆ ಗಿರಾಕಿಗಳು ಗೊಣಗಿದರು. ಅವಳು ತಿರುಗಿ ನೋಡಲಿಲ್ಲ.

“ಸೀರೆ ಅಂಗಡೀಲೂ ಯಾರೂ ಇಷ್ಟು ತೆಗೆಸಲ್ಲ ಕಣಕ್ಕಾ.”

“ಸೀರೇನ ಯಾರೂ ದಿನಕ್ಕೆ ಎಂಟು ಗಂಟೆ ಬಡಿಯಲ್ಲ. ಆ ಕೆಳಗಿನದನ್ನೂ ತೆಗಿ.”

ಏಳನೆಯದರಲ್ಲಿ ಮಣಿಕಟ್ಟು ನೇರ ನಿಂತಿತು. ಕೀಲಿ ಮುಟ್ಟಿದರೆ ಸಾಕು, ಇಳಿಯಿತು. ಉಗುರಿನಿಂದ ಕೆರೆದರೂ ಅಕ್ಷರ ಏಳಲಿಲ್ಲ. ಅಂಗೈ ತುಂಬುವ ಮೌಸನ್ನೂ ಹಾಗೇ ಕೂತು, ಹಿಡಿದು, ಆಡಿಸಿ ಆರಿಸಿದಳು. ಹಳೆಯದನ್ನು ಮತ್ತೆ ಕಂಕುಳಿಗಿಟ್ಟು, ಹೊದಿಕೆಯನ್ನು ವ್ಯಾಪಾರಿಗೇ ಬಿಟ್ಟು ಮನೆಗೆ ಬಂದಳು.

ಇಷ್ಟಕ್ಕೆ ಗುರು ಕತೆ ಮುಗಿಸಿದರು. ಚಂಪಾವತಿಗೆ ಸಮಾಧಾನವಾಗಲಿಲ್ಲ.

“ಅದೆಲ್ಲ ಸರಿ ಅಮ್ಮಾ. ನಾನು ಕೇಳಿದ್ದು, ಎಲ್ಲಕ್ಕಿಂತ ಹೆಚ್ಚು ಬಾಳುವುದು ಯಾವುದು ಅಂತ.”

ಗುರು ಬಲಗೈ ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದು ಕಟ್ಟಿಕೊಳ್ಳುತ್ತ ಹೇಳಿದರು:

“ಆ ಮೊದಲಿನದು ನನ್ನ ಅಟ್ಟದ ಮೇಲೆ ಇನ್ನೂ ಹೊಸದಾಗಿಯೇ ಇದೆ, ಒಯ್ಯುತ್ತೀಯಾ?”